ಸದ್ದು ನಿಂತ ತೊಟ್ಟಿ

ಪರಮೇಶ್ವರಪ್ಪ ಮೂರನೆಯ ಸಲ ಕೈಗೆ ಸೋಪು ಹಚ್ಚಿ ಪ್ಯಾಂಟ್ರಿಯ ನಲ್ಲಿಯ ಕೆಳಗೆ ಹಿಡಿದ. ನಲ್ಲಿ ಒಮ್ಮೆ ಕೆಮ್ಮಿ, ನೂಲಿನಷ್ಟು ನೀರು ಬಿಟ್ಟು ನಿಂತುಹೋಯಿತು. ಲಾರಿ ಬಂದಿರಲಿಲ್ಲ. ಮದರಾಸಿನ ಟಿ. ನಗರದ ಆ ಅಡ್ಡಬೀದಿಗೆ ಮೇ ತಿಂಗಳು ಹುಟ್ಟಿದಾಗಿನಿಂದ ನೀರಿನ ಲಾರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೊರೆ ಹತ್ತಿದ ಕೈಗಳನ್ನು ಮುಂದಕ್ಕೆ ಚಾಚಿಕೊಂಡು, ಯಾರಾದರೂ ನೋಡಿದರೆ ಭಿಕ್ಷೆ ಬೇಡುತ್ತಿದ್ದಾನೆ ಅಂದುಕೊಳ್ಳುವಂತೆ ಅವನು ಅಲ್ಲೇ ನಿಂತ. ಬೆರಳ ಸಂದಿಯಲ್ಲಿ ಸೀಗಡಿಯ ವಾಸನೆ ಇನ್ನೂ ಇತ್ತು. ಐದು ವರ್ಷದಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫ್ರಿಜ್ಜಿನಿಂದ ಹಿಮಗಟ್ಟಿದ ಸೀಗಡಿ ತೆಗೆದು ಬ್ಲೇಡಿನಲ್ಲಿ ಸಣ್ಣಗೆ ಕೊಚ್ಚುವುದು ಅವನ ಕೆಲಸ. ಮೊಟ್ಟೆಯ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ತಾಯಿ ಸುವರ್ಣಮ್ಮ ಬದುಕಿದ್ದಾಗ, ಸಂಜೆ ಅವನು ಲಿಂಗಪೂಜೆಗೆ ಕೂತರೆ ಪಡಸಾಲೆಯಿಂದಲೇ ಮೂಗು ಅರಳಿಸಿ, "ನಿನ್ನ ಆಪೀಸು ಸಮುದ್ರದ ದಂಡೆ ಮ್ಯಾಲೈತೇನೋ?" ಎಂದು ಕೇಳುತ್ತಿದ್ದಳು. ಹೌದವ್ವ ಅನ್ನುತ್ತಿದ್ದ. ಆಕೆ ಅದನ್ನು ನಂಬಿಕೊಂಡೇ ಸತ್ತಳು. ಅವನು ಕರವಸ್ತ್ರದಿಂದ ನೊರೆ ಒರೆಸಿಕೊಂಡ. ಕೈ ಅಂಟಂಟಾಯಿತು, ವಾಸನೆ ಹೋಗಲಿಲ್ಲ, ಕರವಸ್ತ್ರಕ್ಕೂ ಹತ್ತಿತು.

ಸ್ವಾಗತಕೋಣೆಯಿಂದ, ಮೀನಿನ ತೊಟ್ಟಿಗೆ ಗಾಳಿ ಊದುವ ಬ್ಲೋವರಿನ ಗುಂಯ್ಗುಡುವ ಸದ್ದು ಬರುತ್ತಿತ್ತು. ಬೇರೆಯವರಿಗೆ ಅದು ಸದ್ದು. ಅವನಿಗೆ ಅದು ಇದೆ ಅನ್ನುವುದೇ ಮರೆತುಹೋಗಿತ್ತು, ನಿಂತರೆ ಮಾತ್ರ ಕೇಳಿಸುವಂಥದ್ದು. ಗೋಡೆಯುದ್ದಕ್ಕೂ ಆರಡಿಯ ಗಾಜಿನ ತೊಟ್ಟಿ, ಆರುನೂರು ಲೀಟರು ಸಮುದ್ರದ ನೀರು. ಕಾರ್ಖಾನೆಗಳ ಹೊಲಸು ಸೇರುವ ಎಣ್ಣೂರಿನ ಕಡೆಯ ನೀರು ಬೇಡವೆಂದು ಹಟ ಹಿಡಿದು, ದಕ್ಷಿಣದ ಮೀನುಗಾರರಿಗೆ ಹೇಳಿ, ಅಲೆ ಒಡೆಯುವ ಜಾಗ ದಾಟಿ ಆಚೆಯಿಂದ ಕ್ಯಾನುಗಳಲ್ಲಿ ತುಂಬಿಸಿ ತರಿಸಿದ್ದವನು ಅವನೇ. ಕಂಪನಿಯ ಧಣಿ ವಿಷ್ಣುಮೂರ್ತಿ ತೊಂಬತ್ತೆಂಟರಲ್ಲಿ ಸಿಂಗಪುರಕ್ಕೆ ಹೋಗಿಬಂದು, "ನಮ್ಮದು ಕೊಳಕು ನೀರನ್ನ ಚೊಕ್ಕ ಮಾಡೋ ಕಂಪನಿ ಕಣೋ, ಬಂದವರಿಗೆ ಬಾಯಲ್ಲಿ ಹೇಳಿದ್ರೆ ಏನು ಬಂತು, ಕಣ್ಣಿಗೆ ಕಾಣಬೇಕು" ಎಂದಾಗ ಪರಮೇಶ್ವರಪ್ಪನಿಗೆ ನಿಜಕ್ಕೂ ಹುರುಪು ಬಂದಿತ್ತು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟ. ಮೇಲಿನ ನೀರು ತುಂಬಿ ಹರಿದು, ಕಾರ್ಖಾನೆಗಳ ಕೊಳಚೆಗೆ ಬಳಸುವ ಅದೇ ಪ್ಲಾಸ್ಟಿಕ್ ಬಳೆಗಳ ರಾಶಿಯ ಮೇಲೆ ಹನಿಹನಿಯಾಗಿ ಇಳಿದು, ಬಳೆಗಳಿಗೆ ಅಂಟಿ ಬದುಕುವ ಕಣ್ಣಿಗೆ ಕಾಣದ ಜೀವಿಗಳು ಮೀನಿನ ಹೊಲಸನ್ನು ತಿಂದು, ಮತ್ತೆ ಪಂಪಿನಿಂದ ಮೇಲೇರುವ ಹಾಗೆ ಮಾಡಿದ. ಪಕ್ಕದಲ್ಲಿ ಒಂದು ಉದ್ದ ಕೊಳವೆ. ಅದರೊಳಗೆ ಬ್ಲೋವರಿನ ಗಾಳಿ ನುಗ್ಗಿ, ನೀರಿನ ಜಿಡ್ಡೆಲ್ಲ ನೊರೆಯಾಗಿ ಮೇಲಿನ ಬಟ್ಟಲಿಗೆ ಉಕ್ಕುತ್ತಿತ್ತು. ಹನ್ನೊಂದು ಮೀನು ಬಿಟ್ಟರು. ಮೊದಲ ಮೂರು ತಿಂಗಳು ಅವನು ಆಫೀಸಿಗೆ ಬೇಗ ಬರುತ್ತಿದ್ದ. ನೀರಿನೊಳಗೆ ಒಂದು ಹಳದಿ ಮೀನು ತಿರುಗಿದರೆ ಅದರ ನೆರಳೂ ಮರಳಿನ ಮೇಲೆ ತಿರುಗುವುದನ್ನು, ಯಾರೂ ಇಲ್ಲದಾಗ, ಬ್ಯಾಗು ಕೆಳಗಿಡುವುದನ್ನೂ ಮರೆತು ನೋಡುತ್ತಿದ್ದ. ಆಮೇಲೆ ವಿಷ್ಣುಮೂರ್ತಿಗೆ ರುಚಿ ಹತ್ತಿತು. ಒಂದು ಆರ್ಡರು ಸಿಕ್ಕರೆ ನಾಲ್ಕು ಮೀನು, ದೊಡ್ಡ ಗಿರಾಕಿ ಬಂದರೆ ಆರು. ಹನ್ನೊಂದು ಇಪ್ಪತ್ತಾಗಿ, ನಲವತ್ತಮೂರಾಯಿತು. ಹಿರಿಯ ವಿನ್ಯಾಸ ಎಂಜಿನಿಯರ್ ಪರಮೇಶ್ವರಪ್ಪ ಯಾವಾಗ ಮೀನ್ ಸಾರ್ ಆದ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಕೂದಲು ಯಾವ ದಿನ ನರೆಯಿತು ಎಂದು ಯಾರಿಗೆ ಗೊತ್ತಿರುತ್ತದೆ.

ಅವನು ತನ್ನ ಗಾಜಿನ ಕೋಣೆಗೆ ಬಂದು ಕೂತ. ಇಲ್ಲಿಂದ ತೊಟ್ಟಿ ನೇರ ಕಾಣುತ್ತದೆ, ತೊಟ್ಟಿಯ ಪಕ್ಕದ ಮೇಜಿನಲ್ಲಿ ಕೂರುವ ಜಯಲಕ್ಷ್ಮಿಯೂ ಕಾಣುತ್ತಾಳೆ. ಅವಳು ತಲೆ ಎತ್ತದೆ ಟೈಪು ಮಾಡುತ್ತಿದ್ದಳು. ನಿನ್ನೆ ಸಂಜೆ ಬಂದಿಳಿದ ಇಪ್ಪತ್ತೆರಡು ಹೊಸ ಮೀನು ಒಂದು ಮೂಲೆಯಲ್ಲಿ ಗುಂಪುಗೂಡಿ, ಹಳೆಯವು ಹಾಯ್ದರೆ ಒಟ್ಟಿಗೇ ಬೆಚ್ಚುತ್ತಿದ್ದವು. ಹಳೆಯ ನೀಲಿ ಮೀನೊಂದು ಅವನ್ನು ಬಾಲದ ಹತ್ತಿರ ಕಚ್ಚಿ ಕಚ್ಚಿ ಓಡಿಸುತ್ತಿತ್ತು. ಕಚ್ಚಲಿ ಎಂದು ಅವನಿಗೆ ಅನ್ನಿಸಿತು. ನಿನ್ನೆ ಪ್ಲಾಸ್ಟಿಕ್ ಚೀಲಗಳು ನೆಲದ ಮೇಲೆ ಸಾಲಾಗಿ ಇದ್ದಾಗ, ಆಫೀಸಿನವರೆಲ್ಲ ಸುತ್ತ ನಿಂತಿದ್ದಾಗ, ಅವನು ವಿಷ್ಣುಮೂರ್ತಿಗೆ ಆದಷ್ಟು ಮೆಲ್ಲಗೆ ಹೇಳಿದ್ದ.

"ಸಾರ್, ಇಷ್ಟು ಮೀನಿಗೆ ಇದರಲ್ಲಿ ಗಾಳಿ ಸಾಲೋದಿಲ್ಲ. ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕ ಹಿಡಿಯೋದಿಲ್ಲ, ಅದರ ಮೇಲೆ ಈ ಸೆಕೆ. ಈಗಿರೋ ನಲವತ್ತಮೂರಕ್ಕೇ ಬ್ಲೋವರ್ರು ಪಂಪು ಎರಡೂ ನಿಂತ್ರೆ ಒಂದು ಗಂಟೆ ತಡೀಬಹುದು. ಇವನ್ನೂ ಬಿಟ್ರೆ ಅರ್ಧ ಗಂಟೇನೂ ಕಷ್ಟ."

"ಯಾಕೆ ನಿಲ್ಲುತ್ತೆ? ಜನರೇಟರ್ ಇಲ್ವಾ?"

"ಇದೆ ಸಾರ್, ಆದ್ರೂ..."

"ಅಲ್ಲಯ್ಯಾ, ಊರ ಕಾರ್ಖಾನೆ ಕೊಳಚೆಗೆಲ್ಲಾ ಗಾಳಿ ಹಾಕ್ತೀನಿ ಅಂತ ಕುರ್ಚಿ ಮೇಲೆ ಕೂತಿದೀಯ. ಇಪ್ಪತ್ತು ಮೀನಿಗೆ ಉಸಿರು ಕೊಡೋಕಾಗಲ್ವಾ ನಿನಗೆ? ಆಗಲ್ಲ ಅಂದ್ರೆ ಹೇಳ್ಬಿಡು, ಮೀನು ತಂದ ಈ ಬಾಬೂನೇ ಆ ಕುರ್ಚಿಲಿ ಕೂರಿಸ್ತೀನಿ." ತನ್ನ ಹೆಸರು ಕೇಳಿಸಿದ್ದಕ್ಕೆ ಮೀನಿನ ಬಾಬು ಹಲ್ಲು ಬಿಟ್ಟ. ಕನ್ನಡ ಬಾರದವರೂ ನಕ್ಕರು.

ಒಂದು ಕಾಲದಲ್ಲಿ ಇಬ್ಬರದೂ ಏಕವಚನವೇ. ದಾವಣಗೆರೆಯ ಕಾಲೇಜಿನಲ್ಲಿ ವಿಷ್ಣುಮೂರ್ತಿಯ ಡ್ರಾಯಿಂಗ್ ಹಾಳೆಗಳನ್ನು ರಾತ್ರಿ ಕೂತು ಬರೆದುಕೊಟ್ಟವನು ಪರಮೇಶ್ವರಪ್ಪ. ಮದರಾಸಿಗೆ ಬಂದು ವಿಷ್ಣುಮೂರ್ತಿಯ ಕಂಪನಿ ಸೇರಿದ ಮೊದಲ ವರ್ಷವೂ ಹೋಗೋ ಬಾರೋ ಅಂತಲೇ ಇತ್ತು. ಒಂದು ದಿನ ಹೊರಗಿನವರ ಮುಂದೆ ಮರ್ಯಾದೆಗೆಂದು ಪರಮೇಶ್ವರಪ್ಪ 'ನೀವು' ಅಂದ. ಹೊರಗಿನವರು ಹೋದ ಮೇಲೆ ವಿಷ್ಣುಮೂರ್ತಿ, "ಏನೋ ಇದು ನೀವುಗೀವು" ಎಂದು ಬೆನ್ನು ಗುದ್ದುತ್ತಾನೆಂದು ಕಾದ. ಅವನು ಏನೂ ಹೇಳಲಿಲ್ಲ. ಮರುದಿನವೂ ಪರಮೇಶ್ವರಪ್ಪ ಪರೀಕ್ಷೆ ಮಾಡುವವನ ಹಾಗೆ 'ನೀವು' ಅಂದ, ಅದರ ಮರುದಿನ 'ಸಾರ್' ಅಂದ. ವಿಷ್ಣುಮೂರ್ತಿ ಎರಡನ್ನೂ, ಬಾಕಿಯಿದ್ದದ್ದು ಬಂತು ಎನ್ನುವವನ ಹಾಗೆ ಸುಮ್ಮನೆ ತೆಗೆದುಕೊಂಡ. ಆದರೆ ಅವನ 'ನೀನು' ಮಾತ್ರ ಹಾಗೇ ಉಳಿಯಿತು. ಬಯ್ಯುವುದಿದ್ದರೆ ತಮಿಳು ಬಿಟ್ಟು ಕನ್ನಡಕ್ಕೆ ಬರುತ್ತಿದ್ದ. ಸ್ನೇಹಿತನ ಮಾನ ಕಾಯುವುದಕ್ಕೆ ಹಾಗೆ ಮಾಡುತ್ತಾನೆ, ಇಲ್ಲಿ ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಪರಮೇಶ್ವರಪ್ಪ ಎಷ್ಟೋ ದಿನ ಸಮಾಧಾನ ಮಾಡಿಕೊಂಡಿದ್ದ. ಒಂದು ಮಧ್ಯಾಹ್ನ ಅಂಥದೇ ಬೈಗುಳ ತಿಂದು ಬಂದು ಕೂತಾಗ ಜಯಲಕ್ಷ್ಮಿ ಲೋಟ ತುಂಬ ಕಾಫಿ ತಂದು ಮೇಜಿನ ಮೇಲಿಟ್ಟು, ನಾಲ್ಕು ವರ್ಷ ತಮಿಳನ್ನೇ ಆಡುತ್ತಿದ್ದವಳು, ಕನ್ನಡದಲ್ಲಿ ಹೇಳಿದಳು: "ಮನಸ್ಸಿಗೆ ತಗೋಬೇಡಿ ಸಾರ್. ಅವರ ವಾಯೇ, ಬಾಯೇ ಅಷ್ಟೆ. ನಿಮ್ಮ ಮರ್ಯಾದೆ ಏನೂ ಹೋಗ್ಲಿಲ್ಲ." ಅವರದು ಮೂರು ತಲೆಮಾರಿನಿಂದ ತ್ರಿಪ್ಲಿಕೇನಿನಲ್ಲಿರುವ ಕನ್ನಡ ಮನೆಯಂತೆ. ಹಾಗಾದರೆ ಇವಳಿಗೆ ಎಲ್ಲ ತಿಳಿಯುತ್ತಿತ್ತು. 'ನಿನ್ನ ಬುದ್ಧಿಗೆ ಗೆದ್ದಲು ಹತ್ತಿದೆ' ಅಂದದ್ದು, 'ನಿನ್ನ ಹೆಂಡತಿ ಹೇಗೆ ಸಹಿಸ್ತಾಳಯ್ಯಾ' ಅಂದದ್ದು, ಒಂದೊಂದು ಅಕ್ಷರವೂ. ಬಟ್ಟೆ ಬಿಚ್ಚಿ ನಿಂತಿದ್ದವನಿಗೆ ಕಿಟಕಿ ತೆರೆದೇ ಇತ್ತು ಎಂದು ತಿಳಿದಂತಾಯಿತು. ಅವನು ಆ ಕಾಫಿ ಕುಡಿಯಲಿಲ್ಲ. ಅಂದಿನಿಂದ ಅವಳ ಜೊತೆ ಇಂಗ್ಲಿಷಿನಲ್ಲಿ ಮಾತ್ರ ಮಾತಾಡಿದ. ಅವಳು ಟೈಪು ಮಾಡಿದ ಪತ್ರಗಳಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಕೆಂಪು ಮಸಿಯಲ್ಲಿ ಸುತ್ತು ಹಾಕಿ ವಾಪಸು ಕಳಿಸಿದ. ವಿಷ್ಣುಮೂರ್ತಿಯ ಮೇಲಿನ ಸಿಟ್ಟು ಬಂದು ಹೋಗುತ್ತಿತ್ತು. ಇವಳ ಮೇಲಿನದು ಹೋಗಲಿಲ್ಲ.

ಹನ್ನೊಂದಕ್ಕೆ ಗಿರಾಕಿ ಬಂದರು. ಈರೋಡಿನ ಕಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟವರು. ಬಿಳಿ ಅಂಗಿ, ಹಣೆಯಲ್ಲಿ ಚಂದನ, ಜೊತೆಗೆ ಕ್ಯಾಮೆರಾ ಹಿಡಿದ ಅಳಿಯ. ವಿಷ್ಣುಮೂರ್ತಿ ಅವರನ್ನು ಎಲ್ಲರಿಗೂ ಮಾಡುವ ಹಾಗೆ ತೊಟ್ಟಿಯ ಮುಂದೆ ನಿಲ್ಲಿಸಿ, ಈ ನೀರಿಗೆ ಐದು ವರ್ಷ ಸಾರ್, ಒಮ್ಮೆಯೂ ಪೂರ್ತಿ ಬದಲಾಯಿಸಿಲ್ಲ, ನಮ್ಮ ಫಿಲ್ಟರಿನ ಮಹಿಮೆ ನೋಡಿ, ಎಂದು ಶುರುಮಾಡಿದ. ನಾನು ಕಟ್ಟಿದ್ದು ಎಂದು ಪರಮೇಶ್ವರಪ್ಪನ ಬಾಯಿ ಗಾಜಿನ ಈಚೆಯಿಂದ ತನಗೆ ತಾನೇ ಅಲ್ಲಾಡಿತು. ಗಿರಾಕಿಗೆ ಕಿವಿ ಮಂದ ಇರಬೇಕು, ಏನು ಏನು ಎಂದು ಬಗ್ಗುತ್ತಿದ್ದರು. ವಿಷ್ಣುಮೂರ್ತಿ ತಿರುಗಿ, "ಆ ಸದ್ದು ನಿಲ್ಲಿಸಮ್ಮ" ಎಂದು ಜಯಲಕ್ಷ್ಮಿಗೆ ತಮಿಳಿನಲ್ಲಿ ಹೇಳಿದ. ಅವಳು ಎದ್ದು ಕಪಾಟಿನ ಪಕ್ಕದ, ಬ್ಲೋವರಿನ ಮತ್ತು ಪಂಪಿನ ಎರಡೂ ಸ್ವಿಚ್ಚುಗಳನ್ನು ಆರಿಸಿದಳು.

ಕೋಣೆಯೊಳಗೆ ಏನೋ ಬಿದ್ದಂತೆ ಪರಮೇಶ್ವರಪ್ಪ ತಲೆ ಎತ್ತಿದ. ಗುಂಯ್ಕಾರ ನಿಂತಿತ್ತು, ಬಳೆಗಳ ಮೇಲೆ ನೀರಿಳಿಯುವ ಸದ್ದೂ ನಿಂತಿತ್ತು. ನೀರಿನ ಮೇಲ್ಮೈ ಅಲುಗದೆ ಕನ್ನಡಿಯಂತಾಯಿತು. ಗುಳ್ಳೆಗಳಿಲ್ಲದ ತೊಟ್ಟಿ ಎಷ್ಟು ಚೆಂದ ಕಾಣುತ್ತದೆ ಎಂದು ಅವನಿಗೇ ಬೆರಗಾಯಿತು. ಒಂದೊಂದು ಮೀನೂ ಗಾಜಿನಲ್ಲಿ ಕೊರೆದಿಟ್ಟ ಹಾಗೆ. ಅಳಿಯ ಫೋಟೋ ತೆಗೆದ. ಆಮೇಲೆ ಎಲ್ಲರೂ ಪಕ್ಕದ ಮೀಟಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು.

ಈಗ ಹಾಕುತ್ತಾಳೆ ಎಂದುಕೊಂಡ. ಮೀಟಿಂಗ್ ಕೋಣೆಗೂ ತೊಟ್ಟಿಗೂ ನಡುವೆ ಪ್ಲೈವುಡ್ಡಿನ ಗೋಡೆ. ಬ್ಲೋವರ್ ಹಾಕಿದರೆ ಒಳಗೆ ಕೇಳುತ್ತದೆ, ಬೈಗುಳ ಬರುತ್ತದೆ, ಅದಕ್ಕೇ ಅನುಮಾನಿಸುತ್ತಿದ್ದಾಳೆ. ಐದು ನಿಮಿಷ ಕಳೆದ ಮೇಲೆ ಅವಳು ಎದ್ದು, ಚಪ್ಪಲಿ ಸದ್ದಾಗದಂತೆ ಅವನ ಗಾಜಿನ ಬಾಗಿಲಿನವರೆಗೆ ಬಂದಳು. ಒಳಗೆ ಬರಲಿಲ್ಲ, ಮಾತಾಡಲಿಲ್ಲ. ಬೆರಳಿನಿಂದ ಸ್ವಿಚ್ಚಿನ ಕಡೆ ತೋರಿಸಿ, ಹುಬ್ಬು ಮೇಲೆತ್ತಿದಳು: ಹಾಕಲೇ? ಇಬ್ಬರ ಕಣ್ಣೂ ಕೂಡಿದವು. ಅವನು ಹೂಂ ಎಂದು ಗೋಣು ಹಾಕಿದ್ದರೆ ಮುಗಿಯುತ್ತಿತ್ತು. ಅವಳ ಮುಖದಲ್ಲಿ ಅಂದು ಕಾಫಿ ಇಟ್ಟಾಗಿನ ಅದೇ ಕಳಕಳಿ ಇತ್ತು, ಅದು ಅವನಿಗೆ ಕಂಡಿತು. ಅವನು ಕಣ್ಣು ಕೆಳಗಿಳಿಸಿ ಮುಂದಿದ್ದ ಫೈಲಿನ ಒಂದು ಹಾಳೆ ಮಗುಚಿದ. ಅವಳು ಒಂದು ಕ್ಷಣ ಕಾದು, ಬೇಡವೆಂದು ಅರ್ಥ ಮಾಡಿಕೊಂಡು ಹಿಂದಿರುಗಿದಳು.

ನಾನು ಬೇಡ ಅನ್ನಲಿಲ್ಲ, ಎಂದು ಅವನು ಫೈಲಿಗೆ ಹೇಳಿದ. ನಿಲ್ಲಿಸು ಅಂದವನು ಅವನು. ನಿಲ್ಲಿಸಿದವಳು ಅವಳು. ನಿನ್ನೆ ಹತ್ತು ಜನರ ಮುಂದೆ ನಾನು ಹೇಳಿದ್ದೆ. ಹೇಳುವುದು ನನ್ನ ಕೆಲಸ, ಹೇಳಿದ್ದೇನೆ. ಹಾಳೆಯ ಮೇಲಿನ ಅಂಕಿಗಳು ಓದಿದರೂ ಒಳಗಿಳಿಯಲಿಲ್ಲ. ಹನ್ನೊಂದೂ ನಲವತ್ತಕ್ಕೆ ನೋಡಿದಾಗ ಸಣ್ಣ ಮೀನುಗಳು ಮೇಲೆ ಬಂದಿದ್ದವು. ಮೂಲೆಯಲ್ಲಿ ಅಡಗಿದ್ದ ಹೊಸವೂ, ಅವನ್ನು ಕಚ್ಚುತ್ತಿದ್ದ ನೀಲಿಯದೂ ಒಟ್ಟಿಗೆ ಬಾಯಿ ಮೇಲೆ ಮಾಡಿ ನೀರಿನ ಅಂಚಿಗೆ ಅಂಟಿಕೊಂಡಿದ್ದವು, ಜಗಳ ಮುಗಿದಿತ್ತು. ಮೀನು ಹಾರದಿರಲೆಂದು ಮೇಲೆ ಗಾಜಿನ ಮುಚ್ಚಳ ಹಾಕಿಸಿದವನೂ ತಾನೇ ಎಂದು ನೆನಪಾಯಿತು. ಎಲೆಯಂತೆ ಅಗಲವಾದ ದೊಡ್ಡ ಮೀನು ನಡುನೀರಿನಲ್ಲಿ ನಿಂತು ಕಿವಿರನ್ನು ಬಡಬಡನೆ ಬಡಿಯುತ್ತಿತ್ತು. ಅಭ್ಯಾಸಬಲದಿಂದ ಎಣಿಸಿದ: ನಿಮಿಷಕ್ಕೆ ನೂರ ಮೂವತ್ತು. ಎಂದಿನದರ ಎರಡರಷ್ಟು. ಅವನಿಗೆ ಭಯವಾಯಿತು, ಅದರ ಹಿಂದೆಯೇ ಒಂದು ಬೆಚ್ಚನೆಯ ಸುಖವೂ ಆಯಿತು. ಲೆಕ್ಕ ಸರಿಯಾಗಿತ್ತು. ಅರ್ಧ ಗಂಟೇನೂ ಕಷ್ಟ ಎಂದಿದ್ದನಲ್ಲ, ಹಾಗೇ ಆಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಜಗತ್ತು ಅವನ ಮಾತು ಕೇಳುತ್ತಿತ್ತು.

ಎರಡು ಸಲ ಎದ್ದ. ಮೊದಲ ಸಲ ಕುರ್ಚಿ ಕಿರ್ರೆಂದದ್ದಕ್ಕೆ ಜಯಲಕ್ಷ್ಮಿ ತಿರುಗಿ ನೋಡಿದಳು, ಅವಳು ನೋಡಿದಳೆಂದೇ ಕೂತ. ಎರಡನೆಯ ಸಲ ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಆಗ ಮೀಟಿಂಗ್ ಕೋಣೆಯಿಂದ ವಿಷ್ಣುಮೂರ್ತಿಯ ನಗು ಕೇಳಿಸಿತು, ಎದೆಯುಬ್ಬಿಸಿ ನಗುವ ಅದೇ ನಗು. ಅವನು ಹಿಡಿ ಬಿಟ್ಟು ಬಂದು ಕೂತು, ನೀರಿನ ಬಾಟಲಿ ಎತ್ತಿ ಗಟಗಟನೆ ಕುಡಿದ. ಎಲೆಯಂಥ ಮೀನು ಒಂದು ಪಕ್ಕಕ್ಕೆ ವಾಲಿತು, ಸರಿಯಾಯಿತು, ಮತ್ತೆ ವಾಲಿತು, ಈ ಸಲ ಸರಿಯಾಗಲಿಲ್ಲ. ಐದು ವರ್ಷ ಅವನ ಕೈಯಿಂದಲೇ ತಿಂದ ಮೀನು. ಬೆಳಿಗ್ಗೆ ಅವನ ಅಂಗಿಯ ಬಣ್ಣ ಕಂಡರೆ ಗಾಜಿನ ಹತ್ತಿರ ಬರುತ್ತಿತ್ತು.

ಬಾಗಿಲು ತೆರೆದಾಗ ಹನ್ನೆರಡೂ ಕಾಲು. ಮೊದಲು ಹೊರಗೆ ಬಂದ ಗಿರಾಕಿ ತೊಟ್ಟಿಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, "ಎನ್ನ ಸಾರ್, ಮೀನೆಲ್ಲಾಂ ತೂಂಗುದಾ?" ಎಂದು ಕೇಳಿದರು. ಮೀನೆಲ್ಲ ನಿದ್ದೆ ಮಾಡುತ್ತಿವೆಯೇ ಎಂದು. ವ್ಯಂಗ್ಯವಿರಲಿಲ್ಲ, ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

"ಪರಮೇಶೂ!" ಎಂದು ವಿಷ್ಣುಮೂರ್ತಿ ಕೂಗಿದ.

ಅವನು ಓಡಿದ. ಎರಡೂ ಸ್ವಿಚ್ಚು ಒತ್ತಿದ. ಸದ್ದು ಮರಳಿತು, ಗುಳ್ಳೆಗಳೆದ್ದವು, ಗುಳ್ಳೆಗಳ ಜೊತೆ ಸತ್ತ ಮೀನುಗಳೂ ಜೀವ ಬಂದಂತೆ ಗಿರಗಿರ ತಿರುಗಿದವು. ಆ ಕೆಲಸಕ್ಕೆ ಎರಡು ಸೆಕೆಂಡು ಸಾಕಾಗಿತ್ತು. ಗಿರಾಕಿ ಗಡಿಯಾರ ನೋಡಿಕೊಂಡು, ಫೋನು ಮಾಡುತ್ತೇನೆ ಎಂದು ಸೌಜನ್ಯದಿಂದಲೇ ಹೇಳಿ, ಅಳಿಯನ ಜೊತೆ ಲಿಫ್ಟು ಹತ್ತಿದರು. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ನಗುತ್ತಿದ್ದ ವಿಷ್ಣುಮೂರ್ತಿ ತಿರುಗಿದ.

"ಯಾರು ಆಫ್ ಮಾಡಿದ್ದು?"

"ನೀವೇ ನಿಲ್ಲಿಸು ಅಂದ್ರಲ್ಲ ಸಾರ್," ಎಂದಳು ಜಯಲಕ್ಷ್ಮಿ. ಗಾಬರಿಗೆ ಕನ್ನಡವೇ ಬಂದುಬಿಟ್ಟಿತ್ತು.

ವಿಷ್ಣುಮೂರ್ತಿ ಒಂದು ಕ್ಷಣ ಬೆಪ್ಪಾಗಿ ಅವಳನ್ನು ನೋಡಿದ. ಇವಳಿಗೆ ಕನ್ನಡ ಬರುತ್ತದೆಂದು ಅವನಿಗೆ ಇಂದೇ ಗೊತ್ತಾದದ್ದು. ಅದರಿಂದ ಅವನ ಸಿಟ್ಟು ಇನ್ನೂ ಏರಿತು. "ಮಾತಾಡೋವಾಗ ನಿಲ್ಲಿಸು ಅಂದೆ. ಆಮೇಲೆ ಹಾಕೋಕೆ ಬುದ್ಧಿ ಬೇಡ್ವಾ? ಹತ್ತಿರ ಹತ್ತಿರ ಒಂದು ಗಂಟೆ ಎದುರಿಗೇ ಕೂತು ಸಾಯೋದನ್ನ ನೋಡ್ತಿದ್ಯಾ? ನಾಳೆಯಿಂದ ಬರಬೇಡ. ಅಜಾಗರೂಕತೆ ಅಂತ ಬರೆದೇ ಕಳಿಸ್ತೀನಿ, ಎಲ್ಲಿ ಕೆಲಸ ಸಿಗುತ್ತೋ ನೋಡ್ತೀನಿ."

ಅವಳು ಪರಮೇಶ್ವರಪ್ಪನ ಕಡೆ ತಿರುಗಿದಳು. ಅವನು ಕೈಬಲೆಯಿಂದ ಮೀನುಗಳನ್ನೆತ್ತಿ ಬಕೆಟಿಗೆ ಹಾಕುತ್ತಿದ್ದ. ಹದಿನೇಳು, ಹದಿನೆಂಟು ಎಂದು ಬಾಯಲ್ಲೇ ಎಣಿಸುತ್ತಿದ್ದ. ಅವಳ ನೋಟ ಬೆನ್ನಿನ ಮೇಲೆ ಬಿಸಿಲಿನ ಹಾಗೆ ಬಿದ್ದದ್ದು ಗೊತ್ತಾಯಿತು. ಹತ್ತೊಂಬತ್ತು. ಸ್ವಲ್ಪ ಹೊತ್ತಿಗೆ ಊಟದ ಡಬ್ಬಿಯ ಸದ್ದು, ಡ್ರಾಯರು ಎಳೆದ ಸದ್ದು, ಆಮೇಲೆ ಲಿಫ್ಟು. ಐವತ್ತೆರಡಕ್ಕೆ ಎಣಿಕೆ ನಿಂತಿತು. ಹದಿಮೂರು ಉಳಿದಿದ್ದವು, ಉಳಿದದ್ದಕ್ಕೆ ನಾಚಿಕೆಪಡುವಂತೆ ಕಲ್ಲಿನ ಹಿಂದೆ ಸೇರಿಕೊಂಡಿದ್ದವು.

ಸಂಜೆ ಮನೆಯಲ್ಲಿ ಹೆಂಡತಿ ಸಂಗೀತಾಗೆ ಮೀನು ಸತ್ತದ್ದನ್ನು ಹೇಳಿದ. "ಒಳ್ಳೇದೇ ಆತು ಬಿಡ್ರಿ, ಆ ನೀಸು ಸೀಗಡಿ ಕೊಚ್ಚೋದು ತಪ್ಪಿತಲ್ಲ," ಎಂದಳು ಅವಳು. ಜಯಲಕ್ಷ್ಮಿಯ ಕೆಲಸ ಹೋದದ್ದನ್ನೂ ಹೇಳಿದ. "ಅಯ್ಯೋ ಪಾಪ. ನೀವು ಅಲ್ಲೇ ಇದ್ರಲ್ಲ, ಒಂದು ಮಾತು ಹೇಳ್ಬಾರದಿತ್ತಾ?" ಅವನು ತಟ್ಟೆಯ ರೊಟ್ಟಿಯನ್ನು ಚೂರು ಮಾಡುತ್ತಾ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ. ಹೆಚ್ಚಾಗಿರಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅವನು ವಿಷ್ಣುಮೂರ್ತಿಯ ಕೋಣೆಗೆ ಹೋಗಿ ಬಾಗಿಲು ಹಾಕಿದ. ಮೆಟ್ಟಿಲು ಹತ್ತುವಾಗ ಸಿದ್ಧಮಾಡಿಕೊಂಡ ಮಾತುಗಳಾವುವೂ ಬರಲಿಲ್ಲ. "ವಿಷ್ಣು," ಎಂದ, ಹತ್ತು ವರ್ಷದ ಮೇಲೆ. "ಅವಳದೇನೂ ತಪ್ಪಿಲ್ಲ. ಹಾಕಲಾ ಅಂತ ನನ್ನ ಕೇಳಿದಳು. ನಾನು ನೋಡಿಯೂ ತಲೆ ಬಗ್ಗಿಸಿದೆ. ಸಾಯ್ತಾವೆ ಅಂತ ಗೊತ್ತಿತ್ತು. ಸಾಯಲಿ ಅಂತಲೇ ಕೂತಿದ್ದೆ."

ವಿಷ್ಣುಮೂರ್ತಿ ಓದುತ್ತಿದ್ದ ಕಾಗದವನ್ನು ಕೆಳಗಿಟ್ಟು, ಕನ್ನಡಕದ ಮೇಲಿಂದ ಅವನನ್ನು ನೋಡಿದ. ಪರಮೇಶ್ವರಪ್ಪ ಹೊಡೆತಕ್ಕೆ ಕಾದ. ಕುರ್ಚಿ ಹಿಂದೆ ಬಿದ್ದು ಅವನು ಎದ್ದು ಬರಲಿ ಎಂದು ಬಯಸಿದ. ವಿಷ್ಣುಮೂರ್ತಿಯ ಮುಖ ನಿಧಾನವಾಗಿ ಅಗಲವಾಯಿತು. ಅವನು ನಗುತ್ತಿದ್ದ.

"ನೀನಾ? ಹೋಗಯ್ಯಾ. ಆ ಹುಡುಗಿ ಮೇಲೆ ಕನಿಕರ ಬಂದಿದೆ ಅನ್ನು, ಅರ್ಥ ಆಗುತ್ತೆ. ಇಂಥ ಕಥೆ ಕಟ್ಟಬೇಡ."

"ಕಥೆ ಅಲ್ಲ. ನಿನ್ನ ಮಾನ ಹೋಗಲಿ ಅಂತ..."

"ನನ್ನ ಮಾನ ಕಳೆಯೋಕೆ ಮೀನು ಸಾಯಿಸಿದ್ಯಾ ನೀನು?" ನಗು ಹೆಚ್ಚಾಯಿತು. "ನಿನ್ನ ನಾನು ಇಪ್ಪತ್ತೈದು ವರ್ಷದಿಂದ ನೋಡಿದೀನಿ ಪರಮೇಶೂ. ಅಷ್ಟು ಕೆಟ್ಟತನ ಮಾಡೋಕೂ ಒಂದು ಗುಂಡಿಗೆ ಬೇಕು. ಅದು ನಿನ್ನ ಹತ್ತಿರ ಇದ್ದಿದ್ರೆ ಇವತ್ತು ನನ್ನ ಹತ್ತಿರ ಕೆಲಸಕ್ಕಿರ್ತಿರ್ಲಿಲ್ಲ." ಅವನು ಕಾಗದ ಎತ್ತಿಕೊಂಡ. "ಅವಳ ವಿಷಯ ಮುಗೀತು, ಬೇರೆ ಹುಡುಗಿ ನಾಳೆ ಬರ್ತಾಳೆ. ಆ ನೀರು ಬದಲಾಯಿಸೋಕೆ ಎಷ್ಟು ದಿನ ಬೇಕು ಹೇಳು. ಸೋಮವಾರ ಬಾಬು ಮೀನು ತರ್ತಾನೆ."

"ಒಂದು ವಾರ," ಎಂದ ಪರಮೇಶ್ವರಪ್ಪ. ಕೇಳಿದ್ದಕ್ಕೆ ಉತ್ತರ ಕೊಡುವ ನಾಲಿಗೆ ತಾನಾಗಿಯೇ ಹೊರಳಿತ್ತು. "ಒಂದು ವಾರ ಬೇಕು ಸಾರ್." ಹೊರಗೆ ಬಂದ ಮೇಲೆ, ಯಾವುದಕ್ಕೆ ಹೆಚ್ಚು ಅವಮಾನವಾಯಿತು, ಅವನು ನಂಬದೆ ಹೋದದ್ದಕ್ಕೋ ತಾನು ಉತ್ತರ ಕೊಟ್ಟದ್ದಕ್ಕೋ ಎಂದು ತಿಳಿಯದೆ, ಗೋಡೆಗೆ ಅಂಗೈ ಒತ್ತಿ ನಿಂತ. ತಾನು ಮಾಡಿದ ಒಂದೇ ಒಂದು ದೊಡ್ಡ ಪಾಪವನ್ನೂ ಅವನು ಕಿತ್ತುಕೊಂಡಿದ್ದ.

ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಅವಳ ವಿಳಾಸವಿತ್ತು. ಐದಕ್ಕೆ ಬಸ್ಸು ಹತ್ತಿ ತ್ರಿಪ್ಲಿಕೇನಿನಲ್ಲಿ ಇಳಿದ. ಎರಡು ಮೆಸ್ಸುಗಳ ನಡುವಿನ ಸಂದಿ. ಖಾಲಿ ಬಿಂದಿಗೆಗಳ ಸಾಲು ದಾಟಿ, ಸಾಂಬಾರಿನ ಹಬೆ ಹೊಡೆಯುವ ಕಿರಿದಾದ ಮೆಟ್ಟಿಲು ಹತ್ತಿ ಕದ ತಟ್ಟಿದ. ಜಯಲಕ್ಷ್ಮಿಯೇ ತೆರೆದಳು. ಬನ್ನಿ ಅನ್ನಲಿಲ್ಲ, ದಾರಿ ಬಿಟ್ಟು ನಿಂತಳು. ಒಳಗೆ ಒಂದೇ ಕೋಣೆ, ಕಿಟಕಿಯ ಹತ್ತಿರ ಮಂಚದ ಮೇಲೆ ಅವಳ ತಾಯಿ ಬತ್ತಿ ಹೊಸೆಯುತ್ತಾ ಕೂತಿದ್ದರು. "ಯಾರಮ್ಮಾ?" ಎಂದರು. "ಆಫೀಸಿನವರು," ಎಂದಳು. ತಾಯಿ ಅವನನ್ನು ನೋಡಿ, ಮತ್ತೆ ಬತ್ತಿಗೆ ತಿರುಗಿದರು. ಯಾರೂ ನೀರು ಬೇಕೇ ಎಂದು ಕೇಳಲಿಲ್ಲ.

"ನಾನು ಅವರಿಗೆ ಹೇಳಿದೆ," ಎಂದ ಅವನು, ಕನ್ನಡದಲ್ಲಿ. "ನೀವು ಕೇಳಿದ್ದು, ನಾನು ತಲೆ ಬಗ್ಗಿಸಿದ್ದು. ನಂಬಲಿಲ್ಲ."

"ನಂಬಲ್ಲ ಅಂತ ಗೊತ್ತಿತ್ತು ಸಾರ್. ಅದಕ್ಕೇ ನಾನೂ ಹೇಳಲಿಲ್ಲ." ಅವಳು ಕೈಕಟ್ಟಿ ಗೋಡೆಗೆ ಒರಗಿದಳು. ಎಂಟು ವರ್ಷ ಹೆಚ್ಚಾಗಿ ಕೂತಿರುವುದನ್ನೇ ನೋಡಿದ್ದ ಅವನಿಗೆ ಅವಳು ಇಷ್ಟು ಎತ್ತರ ಎಂದು ಗೊತ್ತಿರಲಿಲ್ಲ. "ಒಂದು ಕೇಳ್ತೀನಿ. ನನ್ನ ಮೇಲೆ ಏನು ಕೋಪ ನಿಮಗೆ? ಒಂದು ದಿನ ಕಾಫಿ ಕೊಟ್ಟೆ, ಎರಡು ಮಾತು ಕನ್ನಡದಲ್ಲಿ ಹೇಳಿದೆ. ಅವತ್ತಿಂದ ನನ್ನ ಮುಖ ಸಹ ನೋಡ್ತಿರ್ಲಿಲ್ಲ ನೀವು. ಅಮ್ಮನ ಹತ್ರ ಎಷ್ಟೋ ವಾಟಿ, ಎಷ್ಟೋ ಸಲ ಹೇಳಿ ಅತ್ತಿದೀನಿ. ಏನು ತಪ್ಪು ಮಾಡಿದೆ?"

ಅವನಿಗೆ ಸುಳ್ಳು ಹುಡುಕುವಷ್ಟೂ ತ್ರಾಣವಿರಲಿಲ್ಲ. "ಅವರು ನನ್ನ ಬಯ್ಯೋದು ನಿಮಗೆ ಅರ್ಥ ಆಗ್ತಿತ್ತು. ಅದಕ್ಕೆ."

"ಅಷ್ಟೇನಾ?" ಎಂದಳು. "ಅದು ಅರ್ಥ ಆಗೋಕೆ ಕನ್ನಡ ಬೇಕಾ ಸಾರ್? ಅಲ್ಲಿ ಎಲ್ಲರಿಗೂ ಅರ್ಥ ಆಗ್ತಿತ್ತು. ಗುಡಿಸೋ ಅಮ್ಮನಿಗೂ ಅರ್ಥ ಆಗ್ತಿತ್ತು. ನಾನೊಬ್ಳು ಬಂದು ಹೇಳಿದೆ, ಬೇರೆಯವರು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ."

ಮಂಚದ ಮೇಲೆ ತಾಯಿಯ ಬೆರಳು ನಿಂತಿದ್ದವು. ಪರಮೇಶ್ವರಪ್ಪ ಕ್ಷಮಿಸಿ ಎನ್ನಲು ಬಾಯಿ ತೆರೆದ. ಜಯಲಕ್ಷ್ಮಿ ಕೈ ಅಡ್ಡ ಹಿಡಿದಳು. "ಅದೆಲ್ಲಾ ವೇಂಡಾಂ. ಗುರುವಾರ ಒಂದು ಕಡೆ ಇಂಟರ್‌ವ್ಯೂ ಇದೆ. ಅವರು ಹಳೇ ಆಫೀಸಿಗೆ ಫೋನ್ ಮಾಡ್ತಾರೆ, ಇವರು ಅಜಾಗರೂಕತೆ ಅಂತಾರೆ. ನೀವು ನಿಮ್ಮ ಹೆಸರಲ್ಲಿ ಬರೆದು ಕೊಡಿ."

ಅದರ ಅರ್ಥ ಏನೆಂದು ಅವನಿಗೆ ಗೊತ್ತಿತ್ತು. ಆ ಕಾಗದ ಒಂದಲ್ಲ ಒಂದು ದಿನ ವಿಷ್ಣುಮೂರ್ತಿಯ ಮೇಜಿಗೆ ಬರುತ್ತದೆ. ಬಾಯಿಮಾತಿಗೆ ನಕ್ಕವನು ಸಹಿಗೆ ನಗುವುದಿಲ್ಲ. ನಲವತ್ತೇಳು ವಯಸ್ಸು, ಮಗ ಹತ್ತನೆಯ ಕ್ಲಾಸು. ಅವಳು ಮಡಿಸುವ ಮೇಜು ಬಿಡಿಸಿ, ಬಿಳಿ ಹಾಳೆಗಳನ್ನೂ ಪೆನ್ನನ್ನೂ ಇಟ್ಟಳು. ಅವನು ಕೂತು ಇಂಗ್ಲಿಷಿನಲ್ಲಿ ಬರೆಯತೊಡಗಿದ. ಬರೆಯುತ್ತಾ ಬರೆಯುತ್ತಾ ಕೈ ಸರಾಗವಾಯಿತು: ಅರವತ್ತೈದು ಮೀನುಗಳಿದ್ದ ಆರುನೂರು ಲೀಟರಿನ ತೊಟ್ಟಿ, ಮೂವತ್ತೊಂದು ಡಿಗ್ರಿ ಶಾಖ, ಅಂಥ ನೀರಿನಲ್ಲಿ ಕರಗಿ ಉಳಿಯುವ ಆಮ್ಲಜನಕದ ಪ್ರಮಾಣ, ಗಾಳಿ ನಿಂತ ಮೇಲೆ ಅದು ಇಳಿಯುವ ವೇಗ, ತಾನು ಮುಂಚೆಯೇ ಕೊಟ್ಟಿದ್ದ ಎಚ್ಚರಿಕೆ. ಮುಕ್ಕಾಲು ಹಾಳೆ ತುಂಬಿತು. ಅವಳು ಅವನ ಹೆಗಲ ಮೇಲಿಂದ ಓದಿ, ಹಾಳೆಯನ್ನು ಎಳೆದುಕೊಂಡು ನಾಲ್ಕಾಗಿ ಮಡಿಸಿ ಪಕ್ಕಕ್ಕಿಟ್ಟಳು.

"ಮೀನಿನ ವಿಷಯ ಬೇಡ ಸಾರ್. ನನ್ನ ವಿಷಯ ಬರೀರಿ."

ಅವನು ಹೊಸ ಹಾಳೆ ತೆಗೆದುಕೊಂಡ. ಕುಮಾರಿ ಎಂದು ಬರೆದು ಪೆನ್ನು ನಿಂತಿತು. ಎಂಟು ವರ್ಷ ಎದುರಿಗೆ ಕೂತವಳು. "ನಿಮ್ಮ ಇನಿಶಿಯಲ್ ಏನು?" ಎಂದು ಕೇಳಿದ, ತಲೆ ಎತ್ತದೆ.

ಕೆಳಗೆ ಬೀದಿಯಲ್ಲಿ ನೀರಿನ ಲಾರಿಯ ಹಾರನ್ ಕೇಳಿಸಿತು, ಬಿಂದಿಗೆಗಳು ಗಲಗಲಿಸಿದವು. ಅವಳು, "ಕೆ. ಆರ್." ಎಂದಳು. "ಕೃಷ್ಣಪ್ರಸಾದ, ನಮ್ಮಪ್ಪ. ಆರ್ ಅಂದ್ರೆ ತಾತ." ಅವನು ಬರೆದ. ಕೆ. ಆರ್. ಜಯಲಕ್ಷ್ಮಿ ಸ್ವಿಚ್ಚು ಹಾಕಲೇ ಎಂದು ನನ್ನನ್ನು ಕೇಳಿದಳು, ಎಂದು ಬರೆದ. ನಾನು ನೋಡಿದೆ, ಎಂದು ಬರೆದ. ಪೆನ್ನು ಮತ್ತೆ ನಿಂತಿತು.

"ಮುಂದೆ," ಎಂದಳು ಜಯಲಕ್ಷ್ಮಿ.